ಬೆಳಕಿಂಡಿಗಳೂ ಲೋಕದ ಪೇಟೆಯೂ

೨೦೨೩ನೆಯ ಇಸವಿಯ ಜುಲೈ ತಿಂಗಳ ಮೊದಲಲ್ಲಿ ಚೀನಾ ಸರಕಾರವು ಒಂದು ಪ್ರಕಟಣೆಯನ್ನು ಹೊರಡಿಸಿತು. ಗ್ಯಾಲಿಯಂ ಮತ್ತು ಜರ್ಮೇನಿಯಂ ಎಂಬ ಎರಡು ಧಾತುಗಳನ್ನು ಆಗಸ್ಟ್ ೧ನೆಯ ತಾರೀಖಿನಿಂದ ಸರಕಾರದ ಪರವಾನಗಿಯಿಲ್ಲದೆ ಯಾರೂ ಹೊರದೇಶಗಳಿಗೆ ಕಳುಹಿಸಕೂಡದು ಎಂಬುದು ಅದರ ಸಾರಾಂಶ. ೨೦೨೪ರ ಡಿಸೆಂಬರ್ ೩ರಂದು ಅದೇ ಸರಕಾರವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ ಇವುಗಳ ರಫ್ತನ್ನೇ ನಿಷೇಧಿಸಿತು. ೨೦೨೫ರ ನವೆಂಬರಿನಲ್ಲಿ ಆ ನಿಷೇಧವನ್ನು ೨೦೨೬ರ ನವೆಂಬರ್ ೨೭ರವರೆಗೆ ಅಮಾನತಿನಲ್ಲಿಟ್ಟಿತು. ಈ ಅವಧಿಯಲ್ಲಿ ಲೋಕದ ಪೇಟೆಯಲ್ಲಿ ಜರ್ಮೇನಿಯಮ್ಮಿನ ಬೆಲೆಯು ಎರಡು ಪಟ್ಟನ್ನೂ ಮೀರಿ ಏರಿತು.

ಸುದ್ದಿಯನ್ನು ಓದಿದ ಅನೇಕರು ಇದು ಗಣಕಯಂತ್ರಗಳನ್ನು ತಯಾರಿಸುವವರ ಜಗಳವೆಂದು ಭಾವಿಸಿ ಹಾಳೆಯನ್ನು ತಿರುವಿರಬಹುದು. ಆದರೆ ಜರ್ಮೇನಿಯಮ್ಮಿನ ಮುಖ್ಯವಾದ ಉಪಯೋಗಗಳಲ್ಲಿ ಒಂದು ಕಿಟಕಿಗಳನ್ನೂ ಮಸೂರಗಳನ್ನೂ ಮಾಡುವುದು. ನಮ್ಮ ಕಣ್ಣಿಗೆ ಉಕ್ಕಿನ ತಗಡಿನಂತೆ ಕಾಣುವ, ಆದರೆ ಶಾಖಕಿರಣಗಳು ಸಲೀಸಾಗಿ ಹಾಯ್ದುಹೋಗುವ ವಿಚಿತ್ರವಾದ ಕಿಟಕಿಗಳು ಅವು. ಇಂತಹ ಕಿಟಕಿಗಳಿಗೂ ಲೋಕದಲ್ಲಿ ಒಂದು ಪೇಟೆಯುಂಟು. ಆ ಪೇಟೆಗೆ ತನ್ನದೇ ಆದ ನಡೆಯುಂಟು. ಅದನ್ನು ನಮ್ಮ ವಿದ್ಯಾರ್ಥಿಗಳು ತಿಳಿದುಕೊಳ್ಳುವುದು ಅಗತ್ಯವೆಂದೂ, ನಮ್ಮ ದೇಶವು ಈ ವಿಷಯದಲ್ಲಿ ಈಗಿರುವುದಕ್ಕಿಂತ ಹೆಚ್ಚು ಎಚ್ಚರದಿಂದಿರಬೇಕೆಂದೂ ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇವೆ.

ನಮ್ಮ ಹಳೆಯ ಹಂಚಿನ ಮನೆಗಳ ಮಾಡಿನಲ್ಲಿ ಒಂದೆರಡು ಕಡೆ ಮಣ್ಣಿನ ಹಂಚಿಗೆ ಬದಲಾಗಿ ಗಾಜಿನ ಹಂಚನ್ನು ಹೊದಿಸಿರುತ್ತಾರೆ. ಅದನ್ನು ಬೆಳಕಿಂಡಿ ಎಂದು ಕರೆಯುವುದುಂಟು. ಬೆಳಕು ಒಳಗೆ ಬರಬೇಕು, ಮಳೆ ಬರಕೂಡದು. ಇವೆರಡೇ ಅದರ ಕರ್ತವ್ಯ. ವೈಜ್ಞಾನಿಕ ಉಪಕರಣಗಳಲ್ಲಿ 'ಆಪ್ಟಿಕಲ್ ವಿಂಡೋ' ಎಂದು ಕರೆಯುವ ಬಿಲ್ಲೆಯ ಕರ್ತವ್ಯವೂ ಇಷ್ಟೇ ಆದುದರಿಂದ ನಾವು ಅದನ್ನೂ ಬೆಳಕಿಂಡಿಯೆಂದೇ ಕರೆಯೋಣ. ಮಸೂರದಂತೆ ಅದು ಬೆಳಕನ್ನು ಒಂದೆಡೆಗೆ ಕೂಡಿಸುವುದಿಲ್ಲ, ದರ್ಪಣದಂತೆ ಹಿಂದಿರುಗಿಸುವುದಿಲ್ಲ. ಬೇಕಾದ ಕಿರಣಗಳನ್ನು ಕೆಡಿಸದೆ ಒಳಗೆ ಬಿಟ್ಟು, ನೀರು, ಧೂಳು, ಶಾಖ, ಒತ್ತಡ ಇವುಗಳನ್ನು ಹೊರಗೆ ತಡೆಯುವ ಚಪ್ಪಟೆಯಾದ ಬಿಲ್ಲೆ ಅದು. ಕ್ಯಾಮೆರಾದ ಮುಂದೆ, ಲೇಸರಿನ ತುದಿಯಲ್ಲಿ, ಕುಲುಮೆಯ ಗೋಡೆಯಲ್ಲಿ, ಉಪಗ್ರಹದ ಹೊಟ್ಟೆಯಲ್ಲಿ, ಎಲ್ಲೆಲ್ಲಿ ಉಪಕರಣವು ಒಳಗಿದ್ದು ನೋಡತಕ್ಕ ವಸ್ತುವು ಹೊರಗಿದೆಯೋ ಅಲ್ಲೆಲ್ಲ ಇಂಥದೊಂದು ಬಿಲ್ಲೆ ಇರಲೇಬೇಕು.

ಹಾಗಿದ್ದರೆ ಗಾಜೊಂದಿದ್ದರೆ ಸಾಲದೆ? ಸಾಲದು. ಗಾಜು ನಮ್ಮ ಕಣ್ಣಿಗೆ ಕಾಣುವ ಬೆಳಕಿಗೆ ಮಾತ್ರ ಸ್ನೇಹಿತ. ಪ್ರತಿಯೊಂದು ವಸ್ತುವೂ ತನ್ನ ಉಷ್ಣತೆಗೆ ತಕ್ಕಂತೆ ಕಿರಣಗಳನ್ನು ಸೂಸುತ್ತದೆ ಎಂಬುದನ್ನು ವಾಚಕರು ಬಲ್ಲರು. ಯಾವ ತರಂಗದೂರದಲ್ಲಿ ಆ ಸೂಸುವಿಕೆ ಅತ್ಯಧಿಕವಾಗಿರುತ್ತದೆ ಎಂಬುದನ್ನು ತಿಳಿಯಲು ೨೮೯೮ ಎಂಬ ಸಂಖ್ಯೆಯನ್ನು ಕೆಲ್ವಿನ್ ಮಾನದ ಉಷ್ಣತೆಯಿಂದ ಭಾಗಿಸಿದರೆ ಸಾಕು. ಉತ್ತರವು ಮೈಕ್ರೋಮೀಟರುಗಳಲ್ಲಿ ದೊರೆಯುತ್ತದೆ. ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು ೫೮೦೦ ಕೆಲ್ವಿನ್. ಆದುದರಿಂದ ಉತ್ತರ ೦.೫ ಮೈಕ್ರೋಮೀಟರ್, ಅಂದರೆ ಕಣ್ಣಿಗೆ ಕಾಣುವ ಬೆಳಕು. ಮನುಷ್ಯನ ದೇಹದ ಉಷ್ಣತೆ ಸುಮಾರು ೩೧೦ ಕೆಲ್ವಿನ್, ಉತ್ತರ ೯.೩ ಮೈಕ್ರೋಮೀಟರ್. ಕಗ್ಗತ್ತಲೆಯಲ್ಲಿಯೂ ನಾವೆಲ್ಲರೂ ಈ ಅವಕೆಂಪು ಕಿರಣಗಳಿಂದ ಬೆಳಗುತ್ತಲೇ ಇದ್ದೇವೆ! ನಮ್ಮ ವಾಯುಮಂಡಲವು ೮ರಿಂದ ೧೪ ಮೈಕ್ರೋಮೀಟರುಗಳವರೆಗಿನ ಕಿರಣಗಳಿಗೆ ಬಹುಮಟ್ಟಿಗೆ ಅಡ್ಡಿ ಮಾಡುವುದಿಲ್ಲ. ಆದರೆ ಮನೆಯ ಕಿಟಕಿಯ ಗಾಜು ಸುಮಾರು ನಾಲ್ಕು ಮೈಕ್ರೋಮೀಟರಿನಾಚೆಗೆ ಗೋಡೆಯಂತೆ ನಿಂತುಬಿಡುತ್ತದೆ. ಶಾಖವನ್ನು ನೋಡುವ ಕ್ಯಾಮೆರಾವನ್ನು ಗಾಜಿನ ಕಿಟಕಿಯ ಹಿಂದಿಟ್ಟರೆ ಅದಕ್ಕೆ ಹೊರಗಿನ ಮನುಷ್ಯನು ಕಾಣುವುದಿಲ್ಲ. ಗಾಜಿನ ಶಾಖವೂ ಗಾಜಿನಲ್ಲಿ ಪ್ರತಿಫಲಿಸಿದ ಶಾಖವೂ ಮಾತ್ರ ಕಾಣುತ್ತವೆ. ಅದೇ ಕ್ಯಾಮೆರಾದ ಮುಂದೆ ತೆಳುವಾದ ಕರಿಯ ಪಾಲಿಥೀನ್ ಚೀಲವನ್ನು ಹಿಡಿದರೆ ಆ ಚೀಲದ ಮೂಲಕ ಮನುಷ್ಯನು ಕಾಣುತ್ತಾನೆ. ಪಾರದರ್ಶಕತೆಯು ವಸ್ತುವಿನ ಸ್ವಂತ ಗುಣವೆಂದು ನಾವು ಬಗೆದಿದ್ದರೂ ಅದು ನಿಜವಾಗಿ ವಸ್ತುವಿಗೂ ಕಿರಣಕ್ಕೂ ನಡುವಿನ ಒಪ್ಪಂದ.

ಅವಕೆಂಪು ಕಿರಣಗಳನ್ನು ವಿಲಿಯಂ ಹರ್ಷೆಲ್ಲನು ಕಂಡುಹಿಡಿದದ್ದು ೧೮೦೦ರಲ್ಲಿ. ಅವನ ಪಟ್ಟಕವು ಗಾಜಿನದಾಗಿತ್ತು. ಗಾಜಿಗಿಂತ ಮೇಲಾದ ಬೆಳಕಿಂಡಿಯೊಂದನ್ನು ೧೮೩೦ರ ದಶಕದಲ್ಲಿ ಇಟಲಿಯ ಮೆಲ್ಲೋನಿ ಎಂಬ ವಿಜ್ಞಾನಿಯು ತೋರಿಸಿಕೊಟ್ಟನು. ಅದಾವುದು? ನಾವು ಅಡುಗೆಗೆ ಹಾಕುವ ಉಪ್ಪು! ಉಪ್ಪಿನ ದೊಡ್ಡ ಹರಳು ಶಾಖಕಿರಣಗಳಿಗೆ ಸ್ಫಟಿಕದಷ್ಟು ನಿರ್ಮಲ. ಇಂದಿಗೂ ರಸಾಯನವಿಜ್ಞಾನದ ಪ್ರಯೋಗಶಾಲೆಗಳಲ್ಲಿ ಉಪ್ಪಿನ ಮತ್ತು ಪೊಟ್ಯಾಸಿಯಂ ಬ್ರೋಮೈಡಿನ ಬಿಲ್ಲೆಗಳು ಉಪಯೋಗದಲ್ಲಿವೆ. ಆದರೆ ಅವುಗಳ ದೋಷವನ್ನು ಹೇಳಬೇಕಾದ್ದಿಲ್ಲ. ನಮ್ಮ ಮಲೆನಾಡಿನ ಆಷಾಢದ ಗಾಳಿಯಲ್ಲಿ ಅಂಥ ಬಿಲ್ಲೆಯನ್ನು ಮೇಜಿನ ಮೇಲೆ ಬಿಟ್ಟುಹೋದರೆ ಮಾರನೆಯ ದಿನಕ್ಕೆ ಅದು ಮಸಕಾಗಿರುತ್ತದೆ. ಕಿರಣವನ್ನು ಬಿಡುವ ಗುಣವೊಂದೇ ಸಾಲದು. ಮಳೆಯನ್ನು ತಡೆಯುವ ಗುಣವೂ ಇರಬೇಕು.

ಈ ಎರಡು ಗುಣಗಳ ನಡುವಿನ ರಾಜಿಯೇ ಬೆಳಕಿಂಡಿಗಳ ಇಡೀ ಕಥೆ. ಕಾಣುವ ಬೆಳಕಿಗೆ ಬೋರೋಸಿಲಿಕೇಟ್ ಗಾಜು ಅಗ್ಗ. ನೇರಳಾತೀತ ಕಿರಣಗಳಿಗೆ ಶುದ್ಧವಾದ ಸಿಲಿಕಾ ಗಾಜು ಬೇಕು. ಇನ್ನೂ ಗಿಡ್ಡ ತರಂಗಗಳಿಗೆ ಕ್ಯಾಲ್ಸಿಯಂ ಫ್ಲೋರೈಡ್ ಅಥವಾ ಮೆಗ್ನೀಸಿಯಂ ಫ್ಲೋರೈಡ್ ಬೇಕು. ಗಟ್ಟಿತನ ಬೇಕಾದಲ್ಲಿ ಬಣ್ಣವಿಲ್ಲದ ನೀಲಮಣಿಯುಂಟು. ಅದು ವಜ್ರವೇ ಮುಂತಾದ ಕೆಲವಕ್ಕೆ ಮಾತ್ರ ತಲೆಬಾಗುವಷ್ಟು ಕಠಿನ, ಸುಮಾರು ೨೦೫೦ ಸೆಂಟಿಗ್ರೇಡಿನವರೆಗೆ ಕರಗದು. ಆದರೆ ಐದಾರು ಮೈಕ್ರೋಮೀಟರುಗಳಾಚೆಗೆ ಅದೂ ಕುರುಡು. ಮನುಷ್ಯದೇಹದ ಶಾಖವನ್ನು ನೋಡಬೇಕಾದರೆ ಜರ್ಮೇನಿಯಂ, ಜಿಂಕ್ ಸೆಲಿನೈಡ್, ಜಿಂಕ್ ಸಲ್ಫೈಡ್ ಮುಂತಾದವುಗಳ ಮೊರೆಹೋಗಬೇಕು. ಮನುಷ್ಯರು ಬಂದೊಡನೆ ತಾನಾಗಿ ಹೊತ್ತಿಕೊಳ್ಳುವ ದೀಪಗಳಲ್ಲಿ ಬಿಳಿಯ ಪ್ಲಾಸ್ಟಿಕ್ಕಿನ ಸಣ್ಣ ಗುಮ್ಮಟವಿರುವುದನ್ನು ವಾಚಕರು ನೋಡಿರಬಹುದು. ಅದು ಪಾಲಿಥೀನಿನಿಂದ ಮಾಡಿದ್ದು, ಬಡವರ ಬೆಳಕಿಂಡಿ. ಸ್ಪಷ್ಟವಾದ ಚಿತ್ರ ಬೇಡ, ಶಾಖದ ಸುಳಿವು ಸಿಕ್ಕಿದರೆ ಸಾಕು ಎನ್ನುವ ಕಡೆ ಅದು ನಡೆಯುತ್ತದೆ.

ಜರ್ಮೇನಿಯಮ್ಮಿನ ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ. ಮೆಂಡೆಲೀವನು ೧೮೭೧ರಲ್ಲಿ ಇದರ ಇರವನ್ನು ಮುಂದಾಗಿ ಸೂಚಿಸಿದ್ದನು. ೧೮೮೬ರಲ್ಲಿ ಜರ್ಮನಿಯ ವಿಂಕ್ಲರನು ಇದನ್ನು ಕಂಡುಹಿಡಿದನು. ಇದರ ವಕ್ರೀಭವನ ಸೂಚ್ಯಂಕವು ೪, ಗಾಜಿನದು ೧.೫. ಸೂಚ್ಯಂಕದಿಂದ ಒಂದನ್ನು ಕಳೆದು, ಸೂಚ್ಯಂಕಕ್ಕೆ ಒಂದನ್ನು ಕೂಡಿಸಿ ಬಂದ ಮೊತ್ತದಿಂದ ಭಾಗಿಸಿ, ಬಂದದ್ದನ್ನು ವರ್ಗಮಾಡಿದರೆ ಒಂದು ಮುಖದಿಂದ ಎಷ್ಟು ಪಾಲು ಪ್ರತಿಫಲನವಾಗುತ್ತದೆಂಬುದು ತಿಳಿಯುತ್ತದೆ. ಗಾಜಿಗೆ ನೂರಕ್ಕೆ ೪. ಜರ್ಮೇನಿಯಮ್ಮಿಗೆ ನೂರಕ್ಕೆ ೩೬! ಎರಡು ಮುಖಗಳನ್ನೂ, ಒಳಗೆ ಹಿಂದುಮುಂದಾಗಿ ಓಡಾಡುವ ಕಿರಣಗಳನ್ನೂ ಲೆಕ್ಕಹಾಕಿದರೆ ಬರಿಯ ಜರ್ಮೇನಿಯಂ ಬಿಲ್ಲೆಯನ್ನು ದಾಟುವುದು ನೂರಕ್ಕೆ ೪೭ ಪಾಲು ಮಾತ್ರ. ಆದುದರಿಂದ ಅದರ ಎರಡು ಮುಖಗಳಿಗೂ ಪ್ರತಿಫಲನವನ್ನು ತಡೆಯುವ ತೆಳುವಾದ ಲೇಪನವನ್ನು ಕೊಡಬೇಕು. ಹಾಗೆ ಕೊಟ್ಟಾಗ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ದಾಟುತ್ತದೆ. ಧಾತುವಿನ ತುಂಡೊಂದು ಕೈಗೆ ಬಂದ ಮಾತ್ರಕ್ಕೆ ಬೆಳಕಿಂಡಿಯು ಆಗಲಿಲ್ಲವೆಂಬುದಕ್ಕೆ ಈ ಸಣ್ಣ ಲೆಕ್ಕವೇ ಸಾಕ್ಷಿ.

ಇನ್ನು ಕೈಕೆಲಸದ ಮಾತು. ಕೃತಕ ನೀಲಮಣಿಯನ್ನು ಜ್ವಾಲೆಯಲ್ಲಿ ಬೆಳೆಸುವ ವಿಧಾನವನ್ನು ಫ್ರಾನ್ಸಿನ ವರ್ನೂಯಿಯು ೧೯೦೨ರಲ್ಲಿ ಪ್ರಕಟಿಸಿದನು. ಕರಗಿದ ದ್ರವದಿಂದ ದೊಡ್ಡ ಹರಳನ್ನು ಬೆಳೆಸುವ ವಿಧಾನವನ್ನು ಕಿರೋಪೌಲೋಸನು ೧೯೨೬ರಲ್ಲಿ ತೋರಿಸಿದನು. ಅತಿಶುದ್ಧವಾದ ಸಿಲಿಕಾ ಗಾಜನ್ನು ಅನಿಲದಿಂದ ಪಡೆಯುವ ಮಾರ್ಗವನ್ನು ಅಮೆರಿಕದ ಕಾರ್ನಿಂಗ್ ಕಾರ್ಖಾನೆಯ ಹೈಡ್ ಎಂಬುವನು ೧೯೩೪ರಲ್ಲಿ ಕಂಡುಕೊಂಡನು. ಹೀಗೆ ದೊರೆತ ಗಟ್ಟಿಯನ್ನು ಕೊಯ್ದು, ಅರೆದು, ನಯಮಾಡಬೇಕು. ಉತ್ತಮ ದರ್ಜೆಯ ಬೆಳಕಿಂಡಿಯ ಮೈಯಲ್ಲಿ ಉಬ್ಬುತಗ್ಗುಗಳು ಬೆಳಕಿನ ತರಂಗದೂರದ ಹತ್ತನೆಯ ಒಂದು ಪಾಲನ್ನು ಮೀರಬಾರದೆಂಬ ನಿಯಮವುಂಟು. ಎಂದರೆ ಸುಮಾರು ೬೩ ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲು. ಇಷ್ಟು ಸಮನಾಗಿ ಅರೆಯುವ ಕೈ ಒಂದು ದಿನದಲ್ಲಿ ಪಳಗುವುದಿಲ್ಲ.

ಇಷ್ಟೆಲ್ಲ ಶ್ರಮಪಟ್ಟು ಮಾಡಿದ ಬಿಲ್ಲೆಯು ಎಂತಹ ಭಾರವನ್ನು ಹೊರುತ್ತದೆ ಎಂಬುದಕ್ಕೆ ಎರಡು ನಿದರ್ಶನಗಳು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ೨೦೧೦ರ ಫೆಬ್ರವರಿಯಲ್ಲಿ ಜೋಡಿಸಿದ 'ಕ್ಯುಪೋಲಾ' ಎಂಬ ಕೋಣೆಯ ನಡುವಿನ ಕಿಟಕಿಯು ೮೦ ಸೆಂಟಿಮೀಟರ್ ಅಡ್ಡಳತೆಯದು. ಒಳಗೆ ಗಾಳಿ, ಹೊರಗೆ ಶೂನ್ಯ. ಲೆಕ್ಕಹಾಕಿ ನೋಡಿದರೆ ಅದರ ಮೇಲೆ ಬೀಳುವ ಒತ್ತಡವು ಸುಮಾರು ಐದು ಟನ್ನಿನ ಭಾರಕ್ಕೆ ಸಮ. ಎರಡನೆಯದು ೧೯೭೮ರ ಡಿಸೆಂಬರ್ ೯ರಂದು ಶುಕ್ರಗ್ರಹದ ವಾಯುಮಂಡಲವನ್ನು ಹೊಕ್ಕ ಪಯೊನೀರ್ ವೀನಸ್ ನೌಕೆಯ ದೊಡ್ಡ ಶೋಧಕ. ಶುಕ್ರನ ನೆಲದ ಮೇಲೆ ಒತ್ತಡವು ನಮ್ಮಲ್ಲಿಯದರ ಸುಮಾರು ೯೦ ಪಟ್ಟು. ಉಷ್ಣತೆ ಸುಮಾರು ೪೬೦ ಸೆಂಟಿಗ್ರೇಡ್. ಆ ಶೋಧಕದಲ್ಲಿ ಎಂಟು ಬೆಳಕಿಂಡಿಗಳು ನೀಲಮಣಿಯವು. ಒಂಬತ್ತನೆಯದು, ಅವಕೆಂಪು ಕಿರಣಗಳನ್ನು ಅಳೆಯುವ ಉಪಕರಣದ್ದು, ವಜ್ರದ್ದು. ಆಡಂಬರಕ್ಕಾಗಿ ಯಾರೂ ವಜ್ರವನ್ನು ಶುಕ್ರನಿಗೆ ಕಳುಹಿಸಲಿಲ್ಲ. ಆ ಕೆಲಸಕ್ಕೆ ತಕ್ಕ ಬೇರೆ ಪದಾರ್ಥವು ಇರಲಿಲ್ಲ.

ಈಗ ಪೇಟೆಗೆ ಬರೋಣ. ಬೆಳಕಿಂಡಿಗಳ ಜಾಗತಿಕ ಪೇಟೆ ಇಷ್ಟು ಕೋಟಿ ಡಾಲರಿನದು, ಇನ್ನು ಇಷ್ಟು ವರ್ಷಗಳಲ್ಲಿ ಇಷ್ಟಾಗುತ್ತದೆ ಎಂದು ಲೆಕ್ಕಕೊಡುವ ವರದಿಗಳು ಇಂದು ಧಾರಾಳವಾಗಿ ಮಾರಾಟಕ್ಕಿವೆ. ಇಂತಹ ಅಂಕೆಗಳನ್ನು ವಾಚಕರು ಎಚ್ಚರದಿಂದ ಓದಬೇಕೆಂದು ನಮ್ಮ ಸಲಹೆ. ಕೈಗಡಿಯಾರದ ಮೇಲಿನ ನೀಲಮಣಿಯ ಬಿಲ್ಲೆಯನ್ನು ಬೆಳಕಿಂಡಿಯೆಂದು ಎಣಿಸಬೇಕೆ? ದೂರವಾಣಿಯ ಕ್ಯಾಮೆರಾದ ಮುಚ್ಚಳವನ್ನು? ಇಡೀ ಕ್ಯಾಮೆರಾದೊಳಗೆ ಕೂಡಿಕೊಂಡು ಮಾರಾಟವಾದ ಬಿಲ್ಲೆಯ ಬೆಲೆಯನ್ನು ಬಿಡಿಸಿ ಹೇಳುವುದು ಹೇಗೆ? ಎಣಿಕೆಯ ಗೆರೆಯನ್ನು ಎಲ್ಲಿ ಎಳೆಯುತ್ತೇವೆಂಬುದರ ಮೇಲೆ ಉತ್ತರವು ಹಲವು ಪಟ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ಮೇಲಾಗಿ ಈ ವ್ಯಾಪಾರದ ಮಹತ್ವವು ಅದರ ಹಣದ ಮೊತ್ತದಲ್ಲಿಲ್ಲ. ತೇರಿನ ಬೆಲೆಯ ಮುಂದೆ ಕಡೆಗೀಲಿನ ಬೆಲೆಯೆಷ್ಟು? ಆದರೂ ಕೀಲು ಕಳಚಿದರೆ ತೇರು ನಿಲ್ಲುತ್ತದೆ.

ಈ ಪೇಟೆಯ ನಿಜವಾದ ಸ್ವಭಾವವನ್ನು ತಿಳಿಯಬೇಕಾದರೆ ಬೆಳಕಿಂಡಿಯ ಪದಾರ್ಥಗಳು ಎಲ್ಲಿಂದ ಬರುತ್ತವೆ ಎಂದು ಕೇಳಬೇಕು. ಅವುಗಳಲ್ಲಿ ಹೆಚ್ಚಿನವು ಇನ್ನಾವುದೋ ದೊಡ್ಡ ಉದ್ಯಮದ ನೆರಳಿನಲ್ಲಿ ಬದುಕುತ್ತವೆ. ಸಿಲಿಕಾನಿನ ಹರಳು ಅಗ್ಗವಾದದ್ದು ಗಣಕಯಂತ್ರಗಳ ದೆಸೆಯಿಂದ. ನೀಲಮಣಿಯ ಹರಳುಗಳನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಲು ತೊಡಗಿದ್ದು ಎಲ್‌ಇಡಿ ದೀಪಗಳಿಗಾಗಿ. ಆ ದೀಪದ ತೆಳುಪದರಗಳನ್ನು ನೀಲಮಣಿಯ ಬಿಲ್ಲೆಯ ಮೇಲೆಯೇ ಬೆಳೆಸುತ್ತಾರೆ. ಜರ್ಮೇನಿಯಮ್ಮಿಗಂತೂ ಸ್ವಂತವಾದ ಗಣಿಯೆಂಬುದು ಇಲ್ಲವೆಂದೇ ಹೇಳಬೇಕು. ಅದು ಸತುವಿನ ಅದಿರನ್ನು ಶುದ್ಧಿಮಾಡುವಾಗ, ಇಲ್ಲವೇ ಕೆಲವು ಬಗೆಯ ಕಲ್ಲಿದ್ದಲನ್ನು ಉರಿಸಿದ ಬೂದಿಯಿಂದ ದೊರೆಯುವ ಉಪವಸ್ತು. ಲೋಕದಲ್ಲಿ ವರ್ಷವೊಂದಕ್ಕೆ ಶುದ್ಧಿಯಾಗಿ ಹೊರಬರುವ ಜರ್ಮೇನಿಯಂ ನೂರರಿಂದ ಇನ್ನೂರು ಟನ್ನುಗಳ ನಡುವೆ ಇರುತ್ತದೆ. ತಾಮ್ರವಾದರೋ ಎರಡು ಕೋಟಿ ಟನ್ನುಗಳಿಗೂ ಹೆಚ್ಚು!

ಇದರಿಂದ ಬರುವ ಪರಿಣಾಮವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಪದಾರ್ಥದ ಬೆಲೆ ಏರಿದರೆ ಅದರ ಉತ್ಪತ್ತಿ ಹೆಚ್ಚುತ್ತದೆ, ಉತ್ಪತ್ತಿ ಹೆಚ್ಚಿದರೆ ಬೆಲೆ ಇಳಿಯುತ್ತದೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಭತ್ತದ ಬೆಲೆ ಏರಿದರೆ ರೈತನು ಹೆಚ್ಚು ಭತ್ತವನ್ನು ಬಿತ್ತಿಯಾನು. ಆದರೆ ಹೊಟ್ಟಿನ ಬೆಲೆ ಏರಿತೆಂದು ಹೆಚ್ಚು ಭತ್ತವನ್ನು ಯಾರು ಬಿತ್ತುತ್ತಾರೆ? ಜರ್ಮೇನಿಯಂ ಸತುವಿನ ಹೊಟ್ಟು. ಅದರ ಬೆಲೆ ಎರಡು ಪಟ್ಟಾದರೂ ಸತುವಿನ ಗಣಿಯ ಒಡೆಯನು ತನ್ನ ಗಣಿಯನ್ನು ಎರಡು ಪಟ್ಟು ಅಗೆಯುವುದಿಲ್ಲ. ಹೊರಗೆ ಚೆಲ್ಲುತ್ತಿದ್ದ ಕಸದಿಂದ ಅದನ್ನು ಆರಿಸಿಕೊಳ್ಳಬಹುದು ನಿಜ. ಆದರೆ ಅದಕ್ಕೆ ಬೇರೆ ಕಾರ್ಖಾನೆ ಬೇಕು, ಅದನ್ನು ಕಟ್ಟಲು ವರ್ಷಗಳು ಬೇಕು. ಆದುದರಿಂದ ಇಂತಹ ಪೇಟೆಯು ತನ್ನ ಗಾಯವನ್ನು ತಾನೇ ಬೇಗನೆ ಮಾಯಿಸಿಕೊಳ್ಳಲಾರದು. ಲೋಕದ ಜರ್ಮೇನಿಯಮ್ಮಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಒಂದೇ ದೇಶದಲ್ಲಿ ಶುದ್ಧಿಯಾಗುತ್ತಿರುವಾಗ ಆ ದೇಶದ ಒಂದು ಪ್ರಕಟಣೆಯು ಎಲ್ಲರ ನಿದ್ರೆಯನ್ನು ಕೆಡಿಸಿದ್ದರಲ್ಲಿ ಆಶ್ಚರ್ಯವೇನು?

ಹಣವೊಂದಿದ್ದರೆ ಎಲ್ಲವೂ ಆಗುತ್ತದೆ ಎನ್ನುವವರು ಇನ್ನೊಂದು ಪ್ರಸಂಗವನ್ನು ನೆನೆಯಬೇಕು. ೨೦೧೩ರಲ್ಲಿ ಆ್ಯಪಲ್ ಕಂಪನಿಯು ನೀಲಮಣಿಯನ್ನು ಅಪಾರ ಪ್ರಮಾಣದಲ್ಲಿ ಪಡೆಯುವುದಕ್ಕಾಗಿ ಜಿ.ಟಿ. ಅಡ್ವಾನ್ಸ್ಡ್ ಟೆಕ್ನಾಲಜೀಸ್ ಎಂಬ ಅಮೆರಿಕದ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು, ಸುಮಾರು ೫೭.೮ ಕೋಟಿ ಡಾಲರುಗಳನ್ನು ಮುಂಗಡವಾಗಿ ಕೊಡಲು ಒಪ್ಪಿತು. ಅರಿಜೋನಾ ಪ್ರಾಂತದ ಮೇಸಾ ಎಂಬಲ್ಲಿ ದೊಡ್ಡ ಕಾರ್ಖಾನೆಯೂ ಸಿದ್ಧವಾಯಿತು. ಆದರೆ ದೊಡ್ಡ ಗಾತ್ರದ ಹರಳುಗಳು ಬಿರುಕಿಲ್ಲದೆ, ದೋಷವಿಲ್ಲದೆ ಬೇಕಾದಷ್ಟು ಸಂಖ್ಯೆಯಲ್ಲಿ ಬೆಳೆಯಲಿಲ್ಲ. ೨೦೧೪ರ ಅಕ್ಟೋಬರಿನಲ್ಲಿ ತಯಾರಕ ಕಂಪನಿಯು ದಿವಾಳಿಯನ್ನು ಘೋಷಿಸಿತು. ಹರಳು ತನ್ನದೇ ಆದ ನಿಧಾನದಲ್ಲಿ ಬೆಳೆಯುತ್ತದೆ. ವ್ಯಾಪಾರಿಯ ಅವಸರವು ಅದಕ್ಕೆ ತಿಳಿಯದು.

ಬೆಳಕಿನ ಪದಾರ್ಥಗಳ ಕೊರತೆಯಿಂದ ದೇಶಗಳು ಕಂಗೆಟ್ಟದ್ದು ಇದೇ ಮೊದಲಲ್ಲ. ೧೮೮೪ರಲ್ಲಿ ಜರ್ಮನಿಯ ಯೇನಾ ಪಟ್ಟಣದಲ್ಲಿ ಒಟ್ಟೊ ಷಾಟ್, ಅರ್ನ್‌ಸ್ಟ್ ಅಬ್ಬೆ ಮತ್ತು ಕಾರ್ಲ್ ಜೈಸ್ ಮುಂತಾದವರು ಕೂಡಿ ಗಾಜಿನ ಪ್ರಯೋಗಶಾಲೆಯೊಂದನ್ನು ತೆರೆದರು. ಅಲ್ಲಿಯ ಗಾಜಿಗೆ ಸರಿಸಮಾನವಾದುದು ಎಲ್ಲಿಯೂ ಇರಲಿಲ್ಲ. ಬ್ರಿಟನ್ನೂ ಅಮೆರಿಕವೂ ತಮ್ಮ ದುರ್ಬೀನುಗಳಿಗೆ ಬೇಕಾದ ಗಾಜಿನ ಬಹುಪಾಲನ್ನು ಹೊರಗಿನಿಂದ, ಮುಖ್ಯವಾಗಿ ಜರ್ಮನಿಯಿಂದ, ತರಿಸಿಕೊಳ್ಳುತ್ತ ನಿಶ್ಚಿಂತರಾಗಿದ್ದವು. ೧೯೧೪ರಲ್ಲಿ ಯುದ್ಧವು ಮೊದಲಾಯಿತು, ಗಾಜು ನಿಂತಿತು. ಆಗ ಅಮೆರಿಕದಲ್ಲಿ ಭೂವಿಜ್ಞಾನದ ಸಂಶೋಧನೆಯಲ್ಲಿ ತೊಡಗಿದ್ದ ಕಾರ್ನೆಗಿ ಸಂಸ್ಥೆಯ ವಿಜ್ಞಾನಿಗಳು ತಮ್ಮ ಕೆಲಸವನ್ನು ಬದಿಗಿಟ್ಟು ಗಾಜಿನ ಕುಲುಮೆಗಳ ಬಳಿಗೆ ಹೋಗಬೇಕಾಯಿತು. ಕರಗಿದ ಶಿಲೆಗಳ ರಸಾಯನವನ್ನು ಅವರು ಅರಿತಿದ್ದುದರಿಂದ ಗಾಜಿನ ರಹಸ್ಯವು ಅವರಿಗೆ ಒಲಿಯಿತು. ಅಪತ್ಕಾಲದಲ್ಲಿ ಕೈಹಿಡಿಯುವುದು ಉಗ್ರಾಣದ ಸರಕಿಗಿಂತ ಹೆಚ್ಚಾಗಿ ತಲೆಯೊಳಗಿನ ಅರಿವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ದೊರೆಯದು.

ನಮ್ಮ ದೇಶಕ್ಕೂ ಈ ಅನುಭವ ಹೊಸದಲ್ಲ. ಕಲ್ಕತ್ತೆಯಲ್ಲಿ ೧೯೫೦ರಲ್ಲಿ ಆರಂಭವಾದ ಕೇಂದ್ರ ಗಾಜು ಮತ್ತು ಪಿಂಗಾಣಿ ಸಂಶೋಧನಾಲಯದಲ್ಲಿ ಡಾ. ಆತ್ಮಾರಾಮರೂ ಅವರ ಸಂಗಡಿಗರೂ ಉಪಕರಣಗಳಿಗೆ ಬೇಕಾದ ಉತ್ತಮ ಗಾಜನ್ನು ಇಲ್ಲಿಯೇ ತಯಾರಿಸುವ ವಿಧಾನವನ್ನು ರೂಪಿಸಿದರು. ಕುಲುಮೆ, ಮೂಸೆ, ಕಡೆಗೋಲು ಎಲ್ಲವನ್ನೂ ನಮ್ಮವರೇ ಕಲಿತು ಮಾಡಬೇಕಾಗಿತ್ತು. ಆ ಪೀಳಿಗೆಯವರು ಮಾಡಿದ ಸಾಹಸವನ್ನು ಈಗಿನವರು ಹರಳುಗಳ ವಿಷಯದಲ್ಲಿ ಮಾಡಬೇಕಾಗಿದೆ ಎಂಬುದೇ ನಮ್ಮ ವಾದದ ತಿರುಳು.

ಇಲ್ಲಿ ನ್ಯಾಯವಾಗಿ ಒಂದು ಮಾತನ್ನು ಹೇಳಬೇಕು. ಚೀನಾ ದೇಶವನ್ನೊಂದನ್ನೇ ದೂಷಿಸುವುದು ಸರಿಯಲ್ಲ. ಅವಕೆಂಪು ಕ್ಯಾಮೆರಾಗಳನ್ನೂ ಅವುಗಳ ಗ್ರಾಹಕಗಳನ್ನೂ ಯಾರಿಗೆ ಮಾರಬಹುದು, ಯಾರಿಗೆ ಮಾರಬಾರದು ಎಂಬ ನಿರ್ಬಂಧಗಳನ್ನು ಪಾಶ್ಚಾತ್ಯ ದೇಶಗಳು ಬಹುಕಾಲದಿಂದ ಪಾಲಿಸುತ್ತ ಬಂದಿವೆ. ವಾಸೆನಾರ್ ಒಪ್ಪಂದವೆಂಬುದು ಇದಕ್ಕಾಗಿಯೇ ೧೯೯೬ರಲ್ಲಿ ಏರ್ಪಟ್ಟ ಕೂಟಗಳಲ್ಲೊಂದು. ಭಾರತವು ೨೦೧೭ರ ಡಿಸೆಂಬರಿನಲ್ಲಿ ಅದನ್ನು ಸೇರಿತು. ಇಂತಹ ನಿರ್ಬಂಧಗಳಿಗೆ ಕಾರಣವಿಲ್ಲದಿಲ್ಲ. ಹೊಗೆ ತುಂಬಿದ ಕಟ್ಟಡದಲ್ಲಿ ಸಿಕ್ಕಿಬಿದ್ದ ಕೂಸನ್ನು ಅಗ್ನಿಶಾಮಕ ದಳದವನಿಗೆ ತೋರಿಸುವ ಬೆಳಕಿಂಡಿಯೂ, ಓಡುವ ವಿಮಾನದ ಶಾಖವನ್ನು ಹಿಂಬಾಲಿಸುವ ಕ್ಷಿಪಣಿಯ ಮೂತಿಯಲ್ಲಿರುವ ಬೆಳಕಿಂಡಿಯೂ ಒಂದೇ ಕುಲದವು. ಪದಾರ್ಥಕ್ಕೆ ಪಾಪಪುಣ್ಯಗಳಿಲ್ಲ, ಅದನ್ನು ಹಿಡಿದ ಕೈಗೆ ಉಂಟು. ಹೀಗಿರುವಲ್ಲಿ ಸರಕಾರಗಳು ಈ ವ್ಯಾಪಾರದ ಮೇಲೆ ಕಣ್ಣಿಡುವುದು ಇಂದು ನಾಳೆಗೆ ನಿಲ್ಲುವುದಿಲ್ಲ. ನಿಲ್ಲುವುದೆಂದು ನಂಬಿ ಕೈಕಟ್ಟಿ ಕುಳಿತುಕೊಳ್ಳುವುದು ವಿವೇಕವಲ್ಲ. ಆದರೆ ಯುದ್ಧದ ಭಯದಲ್ಲಿ ಆಸ್ಪತ್ರೆಯ, ಅಗ್ನಿಶಾಮಕ ದಳದ, ಪ್ರಯೋಗಶಾಲೆಯ ಬಾಗಿಲುಗಳನ್ನೂ ಮುಚ್ಚಿಬಿಡುವುದು ಎಲ್ಲ ದೇಶಗಳಿಗೂ ಅಪಮಾನಕರವೆಂಬುದನ್ನೂ ನಾವು ಹೇಳದೆ ಬಿಡಲಾರೆವು.

ಹಾಗಾದರೆ ಏನು ಮಾಡಬೇಕು? ೨೦೨೩ರ ಜೂನಿನಲ್ಲಿ ಭಾರತ ಸರಕಾರವು ದೇಶಕ್ಕೆ ಅತ್ಯಗತ್ಯವಾದ ೩೦ ಖನಿಜಗಳ ಪಟ್ಟಿಯನ್ನು ಪ್ರಕಟಿಸಿತು. ಜರ್ಮೇನಿಯಂ, ಗ್ಯಾಲಿಯಂ, ಸೆಲೀನಿಯಂ ಮೂರೂ ಅದರಲ್ಲಿವೆ. ೨೦೨೫ರ ಜನವರಿಯಲ್ಲಿ ಈ ಖನಿಜಗಳಿಗಾಗಿ ರಾಷ್ಟ್ರೀಯ ಯೋಜನೆಯೊಂದಕ್ಕೆ ಒಪ್ಪಿಗೆಯೂ ದೊರೆಯಿತು. ನಮಗೆ ಬೇಕಾದ ಜರ್ಮೇನಿಯಮ್ಮನ್ನು ನಾವು ಪೂರ್ತಿಯಾಗಿ ಹೊರಗಿನಿಂದಲೇ ತರಿಸಿಕೊಳ್ಳುತ್ತಿದ್ದೇವೆ ಎಂದು ಸರಕಾರದ ದಾಖಲೆಯೇ ಒಪ್ಪಿಕೊಂಡಿದೆ. ಯೋಜನೆಯನ್ನು ನಾವು ಸ್ವಾಗತಿಸುತ್ತೇವೆ. ಆದರೆ 'ಖನಿಜ' ಎಂಬ ಮಾತಿನಿಂದಲೇ ನಮ್ಮ ಗಮನವು ಗಣಿಯ ಕಡೆಗೆ ಹರಿದು ಅಲ್ಲಿಯೇ ನಿಂತುಬಿಡುವ ಭಯವುಂಟು. ರಾಜಸ್ಥಾನದ ಜಾವರಿನಲ್ಲಿ ನಮ್ಮ ಪೂರ್ವಿಕರು ಶತಮಾನಗಳ ಹಿಂದೆಯೇ ಸತುವನ್ನು ಭಟ್ಟಿಯಿಳಿಸುತ್ತಿದ್ದರು. ಇಂದಿಗೂ ಸತುವಿನ ಅದಿರು ನಮ್ಮಲ್ಲಿ ಹೇರಳವಾಗಿದೆ. ಕಲ್ಲಿದ್ದಲಿನ ಹಾರುಬೂದಿಯಂತೂ ಬೆಟ್ಟಗಳಷ್ಟು ಬಿದ್ದಿದೆ. ಅವುಗಳಲ್ಲಿ ಎಷ್ಟು ಜರ್ಮೇನಿಯಂ ಇದೆ, ಎಲ್ಲಿ ತೆಗೆದರೆ ಗಿಟ್ಟುತ್ತದೆ ಎಂಬುದನ್ನು ಪರೀಕ್ಷಿಸಿ ನೋಡಲೇಬೇಕು. ಆದರೆ ಅದು ಮೊದಲನೆಯ ಮೆಟ್ಟಿಲು ಮಾತ್ರ. ಶುದ್ಧೀಕರಣ, ಹರಳನ್ನು ಬೆಳೆಸುವುದು, ಅರೆಯುವುದು, ಲೇಪಿಸುವುದು, ಅಳೆಯುವುದು ಇವೆಲ್ಲವೂ ಮೇಲಿನ ಮೆಟ್ಟಿಲುಗಳು. ಅದಿರನ್ನು ಮಾರಿ ಬಿಲ್ಲೆಯನ್ನು ಕೊಳ್ಳುವವನು ಹತ್ತಿಯನ್ನು ಮಾರಿ ಬಟ್ಟೆಯನ್ನು ಕೊಳ್ಳುವವನ ಅಣ್ಣನೇ ಸರಿ. ಆ ವ್ಯಾಪಾರದ ಕಹಿಯನ್ನು ನಾವು ಒಮ್ಮೆ ಉಂಡಿದ್ದೇವೆ.

ಎರಡನೆಯದಾಗಿ, ಇರುವುದನ್ನು ಮಿತವಾಗಿ ಬಳಸುವುದನ್ನೂ ಬೇರೆಯದನ್ನು ಹುಡುಕುವುದನ್ನೂ ಕಲಿಯಬೇಕು. ಲೋಕದಲ್ಲಿ ಬಳಕೆಯಾಗುವ ಜರ್ಮೇನಿಯಮ್ಮಿನಲ್ಲಿ ನೂರಕ್ಕೆ ಸುಮಾರು ೩೦ ಪಾಲು ಅರೆದ ಪುಡಿಯಿಂದಲೂ ಹಳೆಯ ಸಾಮಗ್ರಿಯಿಂದಲೂ ಮರಳಿ ಪಡೆದದ್ದು. ಮೂರರಿಂದ ಐದು ಮೈಕ್ರೋಮೀಟರುಗಳ ಕಿರಣಗಳಿಗೆ ಅಗ್ಗವಾದ ಸಿಲಿಕಾನ್ ಸಾಕು. ಗಂಧಕದ ಬಂಧುಗಳಾದ ಸೆಲೀನಿಯಂ ಮುಂತಾದವುಗಳಿಂದ ಮಾಡುವ ಚಾಲ್ಕೊಜೆನೈಡ್ ಗಾಜುಗಳಲ್ಲಿ ಜರ್ಮೇನಿಯಂ ಕಡಮೆ. ಕೆಲವದರಲ್ಲಿ ಇಲ್ಲವೇ ಇಲ್ಲ. ಅವನ್ನು ಅಚ್ಚಿನಲ್ಲಿ ಒತ್ತಿ ಮಸೂರಗಳನ್ನು ಮಾಡಬಹುದು. ಹೈದರಾಬಾದಿನ ಎ.ಆರ್.ಸಿ.ಐ. ಸಂಸ್ಥೆಯಲ್ಲಿ ಸ್ಪಿನೆಲ್ ಎಂಬ ಪಾರದರ್ಶಕ ಪಿಂಗಾಣಿಯ ಮೇಲೆ ಕೆಲಸ ನಡೆದಿದೆ. ವಜ್ರವನ್ನು ಅನಿಲದಿಂದ ಬೆಳೆಸುವ ಉದ್ಯಮವು ಸೂರತ್ತಿನಲ್ಲಿ ಇಂದು ಆಭರಣಗಳಿಗಾಗಿ ಭರದಿಂದ ಸಾಗಿದೆ. ಒಡವೆಯ ಹರಳಿಗೂ ಬೆಳಕಿಂಡಿಯ ಅಗಲವಾದ ಬಿಲ್ಲೆಗೂ ಬಹಳ ಅಂತರವುಂಟೆಂಬುದು ನಿಜ; ಆದರೆ ಕುಲುಮೆಯ ಮುಂದೆ ನಿಂತ ಕೈಗಳು ನಮ್ಮಲ್ಲಿ ಆಗಲೇ ಇವೆಯಲ್ಲ! ಬೆರಳಿನ ಉಂಗುರದಲ್ಲಿಯೇ ಆ ವಿದ್ಯೆಯನ್ನು ಮುಗಿಸಬೇಕೇಕೆ?

ಇಷ್ಟು ಸಣ್ಣ ಪೇಟೆಗಾಗಿ ಇಷ್ಟೊಂದು ಹಣವನ್ನು ಚೆಲ್ಲಬೇಕೆ, ಅಗ್ಗವಾಗಿ ಸಿಕ್ಕುವ ಕಡೆ ಕೊಂಡರಾಗದೆ ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಯನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಎಲ್ಲವನ್ನೂ ಮನೆಯಲ್ಲಿಯೇ ಮಾಡುತ್ತೇವೆಂದು ಹೊರಟ ದೇಶವು ಯಾವುದನ್ನೂ ಚೆನ್ನಾಗಿ ಮಾಡದೆ ಹೋಗುವ ಅಪಾಯವುಂಟು. ಸಾಮಾನ್ಯವಾದ ಬಿಲ್ಲೆಗಳನ್ನು ಕೊಳ್ಳಲಿ, ತಪ್ಪಿಲ್ಲ. ಆದರೆ ಯಾವ ಪದಾರ್ಥವು ಒಂದೇ ಕೈಯಲ್ಲಿದೆಯೋ, ಯಾವುದರ ಉತ್ಪತ್ತಿಯು ಬೆಲೆಯ ಕರೆಗೆ ಓಗೊಡುವುದಿಲ್ಲವೋ, ಯಾವುದರ ವಿದ್ಯೆಯನ್ನು ಕಲಿಯಲು ಹತ್ತಾರು ವರ್ಷ ಬೇಕೋ, ಅಂಥದನ್ನು ಮಾತ್ರ ಆರಿಸಿಕೊಂಡು ಮನೆಯಲ್ಲಿ ಬೆಳೆಸಬೇಕು. ಅವಕೆಂಪಿನ ಬೆಳಕಿಂಡಿಗಳು ಈ ಮೂರು ಪರೀಕ್ಷೆಗಳಲ್ಲಿಯೂ ತೇರ್ಗಡೆಯಾಗುತ್ತವೆ.

ಕೊನೆಯದಾಗಿ ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ೨೦೨೩ರ ಸೆಪ್ಟೆಂಬರ್ ೨ರಂದು ಹಾರಿಬಿಟ್ಟ ಆದಿತ್ಯ-ಎಲ್೧ ನೌಕೆಯಲ್ಲಿ ಸೂರ್ಯನ ಕಿರೀಟವನ್ನು ನೋಡುವ ಉಪಕರಣವುಂಟಷ್ಟೆ. ಅದು ಸಿದ್ಧವಾದದ್ದು ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ಹೊಸಕೋಟೆಯ ಆವರಣದಲ್ಲಿ. ಉಪಗ್ರಹಗಳಿಗೆ ಬೇಕಾದ ದೃಗುಪಕರಣಗಳ ಪ್ರಯೋಗಶಾಲೆಯೊಂದು ಪೀಣ್ಯದಲ್ಲಿದೆ. ಈ ವಿದ್ಯೆ ನಮ್ಮ ಮನೆಯ ಬಾಗಿಲಿಗೇ ಬಂದಿದೆ. ಆದರೂ ನಮ್ಮ ಕಾಲೇಜುಗಳಲ್ಲಿ ಬೆಳಕಿನ ಪಾಠವು ಕರಿಹಲಗೆಯ ಮೇಲಿನ ಕಿರಣರೇಖೆಗಳಲ್ಲಿ ಮುಗಿಯುವುದೇ ಹೆಚ್ಚು. ಒಂದು ಗಾಜಿನ ಬಿಲ್ಲೆಯನ್ನು ಸ್ವಂತ ಕೈಯಿಂದ ಅರೆದು, ಅದರ ಸಮತೆಯನ್ನು ಬೆಳಕಿನ ಪಟ್ಟೆಗಳಿಂದ ಪರೀಕ್ಷಿಸಿ ನೋಡಿದ ವಿದ್ಯಾರ್ಥಿಗಳು ಎಷ್ಟು ಮಂದಿ? ಇದಕ್ಕೆ ಬೇಕಾದದ್ದು ಎರಡು ಗಾಜಿನ ತುಂಡುಗಳು, ಸ್ವಲ್ಪ ಕುರುಂದದ ಪುಡಿ, ನೀರು, ಬಹಳಷ್ಟು ತಾಳ್ಮೆ. ಪ್ರತಿಯೊಂದು ವಿಜ್ಞಾನ ಕಾಲೇಜಿನಲ್ಲಿಯೂ ಇಂತಹ ಅರೆಯುವ ಮೇಜೊಂದು ಇರಬೇಕೆಂದೂ, ಕೈಯಿಂದ ಮಾಡಿದ ಕೆಲಸಕ್ಕೆ ಪರೀಕ್ಷೆಯಲ್ಲಿ ಅಂಕಗಳಿರಬೇಕೆಂದೂ ನಾವು ಒತ್ತಿಹೇಳುತ್ತೇವೆ. ಒಂದು ದೇಶವು ಇನ್ನೊಂದಕ್ಕೆ ಅದಿರನ್ನು ಕೊಡದಿರಬಹುದು, ಬಿಲ್ಲೆಯನ್ನು ಕೊಡದಿರಬಹುದು. ಪಳಗಿದ ಕೈಯೊಳಗಿನ ವಿದ್ಯೆಯನ್ನು ಮಾತ್ರ ಯಾವ ಸರಕಾರದ ಪ್ರಕಟಣೆಯೂ ಕಸಿದುಕೊಳ್ಳಲಾರದು.